ವಿದ್ಯುತ್ ಮಿತ್ರ ಗಾಳೆಪ್ಪನ ನೀಲಿ ದೀಪಾವಳಿ

ಇಳಕಲ್ಲಿನ ನೇಕಾರ ಗಾಳೆಪ್ಪ ‘ವಿದ್ಯುತ್ ಮಿತ್ರ’ನಾದದ್ದು ಉಪ್ಪಿಟ್ಟಿನ ದೆಸೆಯಿಂದ. ಎರಡು ಸಾವಿರದ ಎಂಟನೆಯ ಇಸವಿ, ದೀಪಾವಳಿಗೆ ಇನ್ನು ಹತ್ತು ದಿನ. ಬಾಗಲಕೋಟೆಯ ಒಂದೇ ಕಟ್ಟಡದಲ್ಲಿ ಅಂದು ಎರಡು ಸಭೆಗಳಿದ್ದವು. ಕೆಳಗೆ ನೇಕಾರರದು, ಮೇಲೆ ವಿದ್ಯುತ್ ಉಳಿತಾಯದ್ದು. ಗಾಳೆಪ್ಪ ಹೊರಟದ್ದು ನೇಕಾರರ ಸಭೆಗೇ. ಆದರೆ ಉಪ್ಪಿಟ್ಟಿನ ವಾಸನೆ ಮೇಲಿನಿಂದ ಬರುತ್ತಿತ್ತು. ನಮ್ಮ ಸಭೆಯವರು ಈ ಸಲ ಬಹಳ ಸುಧಾರಿಸಿದ್ದಾರೆ ಎಂದುಕೊಂಡು ಆತ ಮೆಟ್ಟಿಲು ಹತ್ತಿದ, ಎರಡು ಪ್ಲೇಟು ತಿಂದ, ಮೊದಲ ಸಾಲಿನಲ್ಲಿ ಕೂತ. ನೂಲಿನ ಮಾತು ಈಗ ಬಂದೀತು, ಆಗ ಬಂದೀತು ಎಂದು ಮೂರು ತಾಸು ಕಾದ. ನೂಲು ಬರಲಿಲ್ಲ. ಕೊನೆಗೆ ಹೆಸರೇನೆಂದು ಕೇಳಿದರು, ಹೇಳಿದ. ಬಂಗಾರದ ಅಂಚಿನ ಒಂದು ಪ್ರಮಾಣಪತ್ರ ಕೈಗೆ ಕೊಟ್ಟು ಚಪ್ಪಾಳೆ ತಟ್ಟಿದರು.

ಬಂಗಾರದ ಅಂಚಿನ ಕಾಗದದ ಮೇಲೆ ಹೆಸರು ಬರೆಸಿಕೊಂಡ ಮನುಷ್ಯ ಸುಮ್ಮನೆ ಬಸ್ಸು ಹತ್ತಿ ಮನೆಗೆ ಬರಲಾರ. ಗಾಳೆಪ್ಪ ಸೀದಾ ಬಸ್‌ಸ್ಟ್ಯಾಂಡ್ ಬಳಿಯ ಲೈಟಿನ ಅಂಗಡಿಗೆ ಹೋಗಿ, ಸಭೆಯಲ್ಲಿ ಹೊಗಳಿದ ಆ ಎಲ್‌ಇಡಿ ಸರಗಳನ್ನು ಕೇಳಿದ. ಬಣ್ಣಬಣ್ಣದ ಸರಗಳೆಲ್ಲ ಖರ್ಚಾಗಿ ನೀಲಿ ಮಾತ್ರ ಉಳಿದಿದ್ದವು. ನೀಲಿಯೇ ಈಗ ಲೇಟೆಸ್ಟ್ ಎಂದು ಅಂಗಡಿಯವನು ಹೇಳಿದ. ಅವನಿಗೂ ಅವನ್ನು ಸಾಗಿಸಬೇಕಿತ್ತಲ್ಲ. ಗಾಳೆಪ್ಪ ಹನ್ನೆರಡು ಸರ ಕಟ್ಟಿಸಿಕೊಂಡು ಬಂದ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಬಣ್ಣದ ವಿಷಯದಲ್ಲಿ ಗಾಳೆಪ್ಪ ಆ ಓಣಿಗೆ ಹೈಕೋರ್ಟು ಇದ್ದ ಹಾಗೆ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಮೂವತ್ತೈದು ವರ್ಷ ಸೀರೆ ನೇಯ್ದವನು. ದಾಳಿಂಬರಿ ಬಣ್ಣ ಎಲ್ಲಿ ಮುಗಿದು ಕುಂಕುಮದ ಬಣ್ಣ ಎಲ್ಲಿ ಶುರುವಾಗುತ್ತದೆ ಎಂಬ ಜಗಳ ಬಂದರೆ ಜನ ನೂಲಿನ ಲಡಿ ಹಿಡಿದು ಅವನ ಕಟ್ಟೆಗೇ ಬರುತ್ತಿದ್ದರು. ಅವನು ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿ ಹೇಳಿದರೆ ಮುಗಿಯಿತು, ಮೇಲೆ ಅಪೀಲಿಲ್ಲ. ಪಕ್ಕದ ಮನೆಯ ನೇಕಾರ ಹುಚ್ಚೇಶ ಒಬ್ಬನೇ ಆಗಾಗ ತಕರಾರು ತೆಗೆಯುತ್ತಿದ್ದ. ಅವನೂ ಕೊನೆಗೆ ಒಪ್ಪಿಕೊಂಡು ಚಹಾ ಕುಡಿದು ಹೋಗುತ್ತಿದ್ದ.

ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಮನೆದೇವರ ಫೋಟೋದ ಮಗ್ಗುಲಿಗೆ, ಅರ್ಧ ಗೇಣು ಮೇಲಕ್ಕೇ ತೂಗುಹಾಕಿದ್ದಾಯಿತು. ಮರುದಿನದಿಂದ ಓಣಿಗೆ ಉಪದೇಶ ಶುರುವಾಯಿತು. ಹಲ್ಲು ಉಜ್ಜುತ್ತಿದ್ದವರನ್ನು ನಿಲ್ಲಿಸಿ, ನಿಮ್ಮ ನೂರು ಕ್ಯಾಂಡಲ್ ಬಲ್ಬು ಎಷ್ಟು ತಿನ್ನುತ್ತದೆ ಗೊತ್ತೇನು ಎಂದು ಕೇಳುತ್ತಿದ್ದ. ಎರಡೇ ದಿನದಲ್ಲಿ ಜನ ಬಾಯಿಗೆ ನೀರು ಹಾಕಿಕೊಂಡೇ ಹೊರಗೆ ಬರತೊಡಗಿದರು, ಮಾತಾಡುವ ಪ್ರಸಂಗ ಬರದಿರಲೆಂದು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅದೇ ದೀಪಾವಳಿಯ ಪಾಡ್ಯದ ದಿನ ಗಾಳೆಪ್ಪನ ಮಗಳು ಸಪ್ನಾಗೆ ಉಡಿ ತುಂಬಲು ಬೀಗರು ಬರುವವರಿದ್ದರು. ಹುಡುಗ ದೀಪಕ, ಹುನಗುಂದದಲ್ಲಿ ಸರಕಾರಿ ಕಚೇರಿಯ ಗುಮಾಸ್ತ. ಒಂದು ಸಲ ಬಂದು ನೋಡಿ ಹೋಗಿದ್ದ. ಅವತ್ತಿನಿಂದ ಸಪ್ನಾ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಅದರ ಅರ್ಥ ತಾಯಿ ಶಾರವ್ವನಿಗೆ ಆಗಿತ್ತು. ಗಾಳೆಪ್ಪ ಸುಮ್ಮನೆ ನೀರು ಕುಡಿಯುತ್ತಿದ್ದ. ಇದಕ್ಕೂ ಮೊದಲು ಎರಡು ಸಂಬಂಧಗಳು ಬಂದು ಬಾಗಿಲಿನಲ್ಲೇ ಮುರಿದಿದ್ದವು. ಇದೊಂದು ನೆಟ್ಟಗಾದರೆ ಸಾಕೆಂದು ಶಾರವ್ವ ಹರಕೆ ಹೊತ್ತಿದ್ದಳು.

ಸರಕಾರಿ ಅಳಿಯನಿಗೆ ತಾನು ಎಂಥ ಮುಂದುವರಿದ ಮಾವನೆಂದು ತೋರಿಸಬೇಕು ಎಂಬುದು ಗಾಳೆಪ್ಪನ ತಲೆಯಲ್ಲಿ ಕೂತಿತು. ಪಾಡ್ಯದ ದಿನ ಮಧ್ಯಾಹ್ನವೇ ಮನೆಯ ಟ್ಯೂಬ್‌ಲೈಟು, ಬಲ್ಬು, ಬಚ್ಚಲಿನ ಜೀರೋ ಕ್ಯಾಂಡಲ್ ಸಮೇತ ಬಿಚ್ಚಿ ಚೀಲಕ್ಕೆ ಹಾಕಿ ಅಟ್ಟಕ್ಕೆ ಏರಿಸಿದ. ಪಡಸಾಲೆಯ ನಾಲ್ಕೂ ಗೋಡೆಗೆ, ಕಂಬಕ್ಕೆ, ತೊಲೆಗೆ ನೀಲಿ ಸರಗಳನ್ನು ಸುತ್ತಿದ. ಬೀಗರು ಒಳಗೆ ಕಾಲಿಟ್ಟ ಮೇಲೆಯೇ ಉದ್ಘಾಟನೆ, ಅಲ್ಲಿಯವರೆಗೆ ಯಾರೂ ಗುಂಡಿ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದ. ಶಾರವ್ವ ಹಣತೆಗಳನ್ನು ತೊಳೆದು ಒಣಗಿಸಿದ್ದಳು. ಎಣ್ಣೆ ಸುಡುವುದೂ ದಂಡವೇ ಎಂದು ಅವಕ್ಕೂ ತಡೆ ಬಿತ್ತು.

“ಲಕ್ಷ್ಮಿ ನಿಮ್ಮ ಸಭಾಕ್ಕ ಬಂದಿಲ್ರಿ,” ಎಂದಳು ಶಾರವ್ವ. “ಆಕಿಗೆ ಹಣತಿನೇ ಗೊತ್ತು.”

ಗಾಳೆಪ್ಪ ಗೋಡೆಯ ಪ್ರಮಾಣಪತ್ರದ ಕಡೆಗೆ ಬೆರಳು ತೋರಿಸಿದ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಶಾರವ್ವ ಕಾಗದದ ಜೊತೆ ವಾದ ಮಾಡಿದವಳಲ್ಲ. ಹಣತೆಗಳಿಗೆ ಎಣ್ಣೆ, ಬತ್ತಿ ಹಾಕಿ ಮಗ್ಗದ ಕುಣಿಯಲ್ಲಿ ಸಾಲಾಗಿ ಇಟ್ಟು ಮೇಲೊಂದು ಹಲಗೆ ಮುಚ್ಚಿದಳು.

ಉಳಿದದ್ದು ಕರೆಂಟಿನ ಚಿಂತೆ. ಆ ಕಾಲದಲ್ಲಿ ಇಳಕಲ್ಲಿನ ಕರೆಂಟು ಬೇಕೆನ್ನಿಸಿದಾಗ ಬಂದು ಬೇಡೆನ್ನಿಸಿದಾಗ ಹೋಗುತ್ತಿತ್ತು. ಗಾಳೆಪ್ಪ ಎದುರು ಮನೆಯ ಲೈನ್‌ಮನ್ ಮಲೀಕಸಾಬನ ಕೈ ಹಿಡಿದು, ಪಾಡ್ಯದ ಸಂಜೆ ಎರಡು ತಾಸು ಕರೆಂಟು ಹೋಗದ ಹಾಗೆ ನೋಡಿಕೋ, ನನ್ನ ಮಗಳ ಬಾಳಿನ ಪ್ರಶ್ನೆ ಎಂದ. ಮಲೀಕಸಾಬ ಸಪ್ನಾಳನ್ನು ಎತ್ತಿ ಆಡಿಸಿದವನು. ಅವಳ ಹೆಸರು ಕೇಳಿದ ಮೇಲೆ ಹಬ್ಬದ ರಜೆಯನ್ನೂ ಬಿಟ್ಟು, ಓಣಿಯ ತುದಿಯ ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತ.

ಮುಸ್ಸಂಜೆಗೆ ಬೀಗರು ಬಂದರು. ದೀಪಕ, ಅವನ ತಾಯಿ, ಬಾದಾಮಿಯಲ್ಲಿ ಅಂಗಡಿ ಇಟ್ಟ ಸೋದರಮಾವ ವೀರೇಶ, ಮತ್ತು ಇವರೆಲ್ಲರಿಗೆ ಹಿರಿಯಳಾಗಿ ದೀಪಕನ ಅಜ್ಜಿ ಬಾಳವ್ವ. ಬಾಳವ್ವ ಕಮತಗಿಯಲ್ಲಿ ಒಬ್ಬಳೇ ಇದ್ದು ಎಪ್ಪತ್ತೆರಡರಲ್ಲೂ ಮಗ್ಗ ಬಿಟ್ಟವಳಲ್ಲ. ಮೊಮ್ಮಗನ ಹೆಂಡತಿಯಾಗುವವಳ ಉಡಿಗೆ ಹಾಕಲೆಂದು ತನ್ನ ಕೈಯಾರೆ ಸೀರೆ ನೇಯ್ದು, ಧೋತರದಲ್ಲಿ ಗಂಟು ಕಟ್ಟಿ, ಉಡಿಯಲ್ಲೇ ಬಿಚ್ಚಬೇಕೆಂದು ಯಾರಿಗೂ ತೋರಿಸದೆ ಇಟ್ಟಿದ್ದಳು. ಗಂಟು ಕಟ್ಟಿದ ಮೇಲೆ ಕಣ್ಣಿನ ಪೊರೆಯ ಆಪರೇಶನ್ ಆಗಿತ್ತು. ಈಗ ದಪ್ಪ ಕನ್ನಡಕ ಹಾಕಿಕೊಂಡು, ಗಂಟನ್ನು ಎದೆಗೆ ಒತ್ತಿಕೊಂಡು ಬಸ್ಸಿಳಿದು ಬಂದಿದ್ದಳು.

ಎಲ್ಲರೂ ಕತ್ತಲೆಯಲ್ಲಿ ತಡವರಿಸಿಕೊಂಡು ಚಾಪೆಯ ಮೇಲೆ ಕೂತರು. ಗಾಳೆಪ್ಪ ಮೊದಲು ಅಳಿಯನನ್ನು ಬ್ಯಾಟರಿ ಹಿಡಿದು ಮೀಟರಿನ ಹತ್ತಿರ ಕರೆದುಕೊಂಡು ಹೋದ. ಚಕ್ರ ನೋಡುತ್ತಿರಿ ಎಂದು ಹೇಳಿ ಗುಂಡಿ ಒತ್ತಿದ. ಪಡಸಾಲೆಯೆಲ್ಲ ಭಗ್ಗೆಂದು ನೀಲಿಯಾಯಿತು. ಮೀಟರಿನ ಚಕ್ರ ಅಲುಗಿತೋ ಇಲ್ಲವೋ ಎಂಬಂತೆ ನಿಂತಿತ್ತು. ದೀಪಕ ಬಗ್ಗಿ ನೋಡಿ, “ಭಾಳ ಛಲೋ ಮೀಟರ್ ರಿ,” ಎಂದ. ಗಾಳೆಪ್ಪನಿಗೆ ಜನ್ಮ ಸಾರ್ಥಕವಾಯಿತು.

ತೊಂದರೆ ಒಳಗೆ ಶುರುವಾಗಿತ್ತು. ಶಾರವ್ವ ಅರಿಶಿಣ ಕುಂಕುಮದ ಬಟ್ಟಲು ತಂದಳು. ಅರಿಶಿಣ ಹಸಿರಾಗಿ ಹೊಳೆಯುತ್ತಿತ್ತು. ಕುಂಕುಮ ಕಾಡಿಗೆಯಂತೆ ಕಪ್ಪಾಗಿತ್ತು. ದೀಪಕನ ತಾಯಿ ಹಣೆ ಮುಂದೆ ಮಾಡಿದವಳು ಬಟ್ಟಲು ನೋಡಿ ಅರ್ಧಕ್ಕೇ ಹಿಂದೆ ಸರಿದಳು. ಹೊಸ ಬೀಗರು, ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಈ ಮನೆಯ ಕುಂಕುಮ ಹಳೆಯದಾಗಿರಬೇಕೆಂದು ಅವಳು ಮನಸ್ಸಿನಲ್ಲಿ ಅಂದುಕೊಂಡಳು. ವೀರೇಶ ನಕ್ಕಾಗ ಅವನ ಹಲ್ಲು ನೀಲಿಯಾಗಿ ಮಿಂಚಿದವು. ಪಾಪ, ಏನು ರೋಗವೋ ಎಂದು ಶಾರವ್ವ ಅಂದುಕೊಂಡಳು. ಅಷ್ಟರಲ್ಲಿ ಸಪ್ನಾ ಚಹದ ತಾಟು ಹಿಡಿದು ಬಂದಳು. ಮುಖ ಬೂದಿಯ ಹಾಗೆ, ತುಟಿ ನೇರಳೆ ಹಣ್ಣಿನ ಹಾಗೆ. ವೀರೇಶ ಅಕ್ಕನ ಕಿವಿಯಲ್ಲಿ, ಈ ಹುಡುಗಿಗೆ ಹಾರ್ಟಿನ ತ್ರಾಸು ಇದ್ದೀತೆಂದು ಪಿಸುಗುಟ್ಟಿದ. ಅವನ ಅಂಗಡಿಯ ಪಕ್ಕದಲ್ಲೇ ಒಂದು ದವಾಖಾನೆ ಇದ್ದುದರಿಂದ ರೋಗಗಳ ಪರಿಚಯ ಅವನಿಗೆ ಚೆನ್ನಾಗಿತ್ತು.

ಬೆಳಕು ನೀಲಿ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಆದರೆ ಬೆಳಕು ಬಣ್ಣವನ್ನು ತೋರಿಸುತ್ತದೆಂದು ತಿಳಿದು ಬದುಕಿದ ಜನ, ಅದು ಬಣ್ಣವನ್ನು ನುಂಗಿಬಿಡುತ್ತದೆಂದು ಯಾಕೆ ಎಣಿಸಬೇಕು? ಮೇಲಾಗಿ ಇದು ಸಾಕ್ಷಾತ್ ಶುದ್ಧ ಬೆಳಕು, ಇದರಲ್ಲಿ ಒಂದು ಎಳೆಯ ದೋಷವೂ ಮುಚ್ಚಿಡಲಾಗದು ಎಂದು ವಿದ್ಯುತ್ ಮಿತ್ರನೇ ಅದೇ ಹೊತ್ತಿಗೆ ವಿವರಿಸುತ್ತಿದ್ದ.

ಸಪ್ನಾಳನ್ನು ಮಣೆಯ ಮೇಲೆ ಕೂರಿಸಿದರು. ಬಾಳವ್ವ ಎದುರಿಗೆ ಕೂತು, ಗಂಟು ಬಿಚ್ಚಿ, ಸೀರೆಯನ್ನು ಹುಡುಗಿಯ ಉಡಿಯತ್ತ ಹಿಡಿದಳು. ಸೀರೆ ಕಾಡಿಗೆಗಪ್ಪಾಗಿತ್ತು.

ಕರಿ ಸೀರೆಯನ್ನು ಇಳಕಲ್ಲಿನಲ್ಲಿ ಚಂದ್ರಕಾಳಿ ಎಂದು ಕೊಂಡಾಡಿ ಉಡುತ್ತಾರೆ. ಆದರೆ ಮಾತು ಪಕ್ಕಾ ಮಾಡುವ ದಿನ ಹುಡುಗಿಯ ಉಡಿಗೆ ಮೊಟ್ಟಮೊದಲು ಕರಿ ಹಾಕುವವರು ಯಾರೂ ಇಲ್ಲ. ಶಾರವ್ವನ ಕೈಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತವು. ಏನಾದರೂ ಮಾತಾಡಿ ಆ ಹೊತ್ತನ್ನು ದಾಟಿಸಬೇಕೆಂದು ಗಾಳೆಪ್ಪ ಅಭ್ಯಾಸಬಲದಿಂದ ಕಣ್ಣು ಕಿರಿದು ಮಾಡಿ ನೋಡಿ, “ಛಲೋ ಚಂದ್ರಕಾಳಿರಿ ಯವ್ವಾ. ಕರಿ ಅಂದ್ರ ಹಿಂಗಿರಬೇಕು,” ಎಂದುಬಿಟ್ಟ.

ಬಾಳವ್ವ ತಲೆ ಎತ್ತಿದಳು. “ಕರಿ ಎಲ್ಲೇತಪಾ? ನಾ ಕುಂಕುಮದ ಬಣ್ಣ ನೇಯ್ದೇನಿ.”

ಇಲ್ಲಿ ಸುಮ್ಮನಿದ್ದರೂ ಆಗುತ್ತಿತ್ತು. ಆದರೆ ಹೈಕೋರ್ಟು ತನ್ನ ತೀರ್ಪನ್ನು ಹೇಗೆ ತಿದ್ದಿಕೊಂಡೀತು? ಬೇಕಾದರೆ ಇನ್ನೊಬ್ಬರನ್ನು ಕೇಳೋಣ ಎಂದು ಗಾಳೆಪ್ಪ ಗೋಡೆಯಾಚೆಯ ಹುಚ್ಚೇಶನನ್ನು ಕೂಗಿದ. ಹುಚ್ಚೇಶ ಅಂಗಿ ಹಾಕಿಕೊಳ್ಳುತ್ತಲೇ ಬಂದ. ಸೀರೆಯ ಅಂಚು ತಿಕ್ಕಿ ನೋಡಿದ, ಮೂಸಿ ನೋಡಿದ, ಒಂದು ಎಳೆಯನ್ನು ಹಲ್ಲಿನಲ್ಲಿ ಕಡಿದೂ ನೋಡಿದ. ನೆರೆಮನೆಗೆ ಬಂದ ಹದಿನೆಂಟು ವರ್ಷದಲ್ಲಿ ಎಂದೂ ಮೊದಲ ಸಲಕ್ಕೇ ಗಾಳೆಪ್ಪನ ಮಾತು ಒಪ್ಪದವನು ಅಂದು ಒಪ್ಪಿಬಿಟ್ಟ. ಕರಿ, ಅದೂ ಪಕ್ಕಾ ಕರಿ ಎಂದ.

ಸುದ್ದಿ ಓಣಿಗೆ ಹರಡಿತು. ಕಿಟಕಿಯಲ್ಲಿ ನಾಲ್ಕು ತಲೆ, ಬಾಗಿಲಲ್ಲಿ ಆರು ತಲೆ ಮೂಡಿದವು. ಬಂದವರೆಲ್ಲ ನೇಕಾರರೇ, ಹೇಳಿದ್ದೆಲ್ಲ ಕರಿಯೇ. ಒಬ್ಬ ಮಾತ್ರ ಗಾಢ ಬದನೆಕಾಯಿ ಬಣ್ಣವೆಂದ. ಅವನನ್ನು ಉಳಿದವರು ಹಿಂದಕ್ಕೆ ತಳ್ಳಿದರು.

ಬಾಳವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಸೀರೆಯನ್ನು ಮೂಗಿನ ತನಕ ಎತ್ತಿ ನೋಡಿದಳು. ಅವಳ ಕಣ್ಣಿಗೂ ಅದು ಕರಿಯೇ ಆಗಿತ್ತು.

“ಕಣ್ಣು ಮಂದ ಇದ್ದಾಗ ಕೆಂಪು ಕಂಡಿತ್ತು,” ಎಂದಳು ಮೆಲ್ಲಗೆ. “ಆಪರೇಶನ್ ಆಗಿ ಕಣ್ಣು ಬಂದಮ್ಯಾಲ ಕರಿ ಕಾಣತೈತಿ. ಅಂದ್ರ ಅವತ್ತ ನಾ ಕರಿ ನೂಲಾನ ಕೆಂಪಂತ ತಿಳಕೊಂಡು ನಾಕು ತಿಂಗಳು ಕುಂತು ನೇಯ್ದೇನಿ. ಅರವತ್ತು ವರ್ಷ ನೇಯ್ದ ಕೈ, ಕಡೀ ಸೀರಿ ಹಿಂಗಾತು.”

ಅವಳು ಅಳಲಿಲ್ಲ. ಸೀರೆಯನ್ನು ಹುಡುಗಿಯ ಉಡಿಯಿಂದ ಹಿಂದಕ್ಕೆ ತೆಗೆದುಕೊಂಡು ತನ್ನ ಮಡಿಲಲ್ಲಿ ಮಡಚತೊಡಗಿದಳು. ವೀರೇಶ ಗಂಟಲು ಸರಿ ಮಾಡಿಕೊಂಡು, ಇವತ್ತು ಗಳಿಗೆ ಸರಿಯಿಲ್ಲ ಅನಿಸುತ್ತದೆ, ಕಾರ್ತಿಕ ಮುಗಿದ ಮೇಲೆ ನೋಡೋಣ ಎಂದ. ಕಾರ್ತಿಕ ಮುಗಿದ ಮೇಲೆ ನೋಡೋಣ ಎಂದರೆ ಏನೆಂಬುದು ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಸಪ್ನಾ ತಲೆ ಎತ್ತದೆ ಮಣೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು.

ಅವಳ ಆ ಉಗುರು ನೋಡಿ ಗಾಳೆಪ್ಪನಿಗೆ ತನ್ನ ತಪ್ಪು ಹೊಳೆಯಿತು. ಮುದುಕಿಯ ಬಾಯಿಂದ ಆ ಮಾತು ಹೊರಡಿಸಿದ್ದು ತನ್ನ ನಾಲಗೆ, ಮಗಳ ಸಂಬಂಧ ಮುರಿಯುತ್ತಿರುವುದೂ ಅದರಿಂದಲೇ. ಆ ಕರಿ ಸೀರೆ ಯಾರ ಕಣ್ಣಿಗೂ ಬೀಳದ ಹಾಗೆ ಈಗ ಒಮ್ಮೆ ಕರೆಂಟು ಹೋಗಲಿ, ಕತ್ತಲಲ್ಲಿ ಹೇಗೋ ಉಡಿ ತುಂಬಿಸಿಬಿಡುತ್ತೇನೆ ಎಂದು ಮನೆದೇವರಿಗೆ ಕೈ ಮುಗಿದ. ವರ್ಷದ ಅಷ್ಟೂ ದಿನ ಕರೆಯದೆ ಹೋಗುತ್ತಿದ್ದ ಕರೆಂಟು ಅಂದು ಬೇಡಿಕೊಂಡರೂ ಹೋಗಲಿಲ್ಲ. ಓಣಿಯ ತುದಿಯಲ್ಲಿ ಮಲೀಕಸಾಬ ಕೊಟ್ಟ ಮಾತಿಗೆ ತಪ್ಪದೆ ಕಾವಲು ಕೂತಿದ್ದ.

ಬೀಗರು ಎದ್ದರು. ಆಗ ಶಾರವ್ವ, ಪಾಡ್ಯದ ದಿನ ಮನೆಗೆ ಬಂದವರಿಗೆ ಆರತಿ ಬೆಳಗದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಸಂಬಂಧ ಆಗಲಿ ಬಿಡಲಿ, ಎರಡು ನಿಮಿಷ ಕೂಡಬೇಕೆಂದು ಕೈ ಜೋಡಿಸಿದಳು. ಗಂಡನ ಕಡೆ ನೋಡದೆ ಮಗ್ಗದ ಕುಣಿಯ ಹಲಗೆ ಸರಿಸಿ ಐದು ಹಣತೆ ತೆಗೆದು ತಾಟಿನಲ್ಲಿಟ್ಟು ಹಚ್ಚಿದಳು. ಹಿರಿಯಳೆಂದು ಮೊದಲು ಬಾಳವ್ವನ ಮುಂದೆ ಬಗ್ಗಿದಳು.

ಆರತಿ ಬಲಕ್ಕೆ ಬಂತು. ಬಾಳವ್ವನ ಮಡಿಲ ಬಲಗಡೆ ಕೆಂಪಾಯಿತು. ಎಡಕ್ಕೆ ಹೋಯಿತು. ಬಲಗಡೆ ಕಪ್ಪಾಗಿ ಎಡಗಡೆ ಕೆಂಪಾಯಿತು. ಶಾರವ್ವನ ಕೈ ನಿಂತುಬಿಟ್ಟಿತು. ಅವಳು ತಾಟನ್ನು ಇನ್ನಷ್ಟು ಕೆಳಗೆ ಇಳಿಸಿದಳು. ಐದು ಹಣತೆಯ ಬೆಳಕಿನಲ್ಲಿ ಅಚ್ಚ ಕುಂಕುಮದ ಬಣ್ಣ ಮಡಿಲ ತುಂಬ ಹರಡಿತು.

ಗಾಳೆಪ್ಪನಿಗೆ ಅಷ್ಟಾದರೂ ತಿಳಿಯಲಿಲ್ಲವೆಂಬುದನ್ನು ನಾವು ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ಬಣ್ಣ ಗಟ್ಟಿಯಿಲ್ಲ, ಶಾಖ ತಾಗಿದರೆ ಬದಲಾಗುತ್ತದೆ ಎಂದು ಅವನು ಹುಚ್ಚೇಶನಿಗೆ ಹೇಳುತ್ತಿದ್ದ. ಹುಚ್ಚೇಶ ತಲೆಯಾಡಿಸುತ್ತಲೂ ಇದ್ದ. ಬಾಳವ್ವ ಮಾತ್ರ ತಾಟಿನ ಮೇಲಿನಿಂದ ನಾಲ್ಕೂ ಗೋಡೆಯತ್ತ ನಿಧಾನವಾಗಿ ಕಣ್ಣಾಡಿಸಿದಳು.

“ಬೀಗಾ,” ಎಂದಳು, “ಆ ನಿನ್ನ ಶುದ್ಧ ಬೆಳಕು ಆರಸು.”

ಗಾಳೆಪ್ಪ ಬೆಬ್ಬಳಿಸಿ ಗುಂಡಿ ಮರೆತು ವೈರನ್ನೇ ಜಗ್ಗಿದ. ಪಡಸಾಲೆ ಕತ್ತಲಾಯಿತು. ಆ ಕತ್ತಲಲ್ಲಿ ಐದು ಹಣತೆ, ಮೇಲೊಂದು ಕೆಂಪು ಸೀರೆ. ಶಾರವ್ವ ಕುಣಿಗೆ ಕೈ ಹಾಕಿ ಉಳಿದ ಹಣತೆಗಳನ್ನು ಒಂದೊಂದಾಗಿ ಕೊಟ್ಟಳು. ಬಾಗಿಲಲ್ಲಿದ್ದ ಜನ ಕೈಯಿಂದ ಕೈಗೆ ದಾಟಿಸಿ ಹಚ್ಚಿ ಗೂಡಿನಲ್ಲಿ, ಹೊಸ್ತಿಲಲ್ಲಿ, ಕಂಬದ ಬುಡದಲ್ಲಿ ಇಟ್ಟರು. ಬಟ್ಟಲ ಕುಂಕುಮ ಕೆಂಪಾಗಿತ್ತು. ಅರಿಶಿಣ ಹಳದಿಯಾಗಿತ್ತು. ವೀರೇಶನ ಹಲ್ಲು ಎಲ್ಲರ ಹಲ್ಲಿನ ಹಾಗೆಯೇ ಇದ್ದವು. ಸಪ್ನಾಳ ಮುಖಕ್ಕೆ ರಕ್ತ ಮರಳಿ ಬಂದಿತ್ತು. ದೀಪಕ ಅವಳನ್ನೇ ನೋಡುತ್ತಿದ್ದುದರಿಂದ ಇನ್ನಷ್ಟು ಬರುತ್ತಿತ್ತು.

ಹೊರಗೆ ದಡದಡ ಸಪ್ಪಳವಾಗಿ ಮಲೀಕಸಾಬ ಓಡಿ ಬಂದ. ಗಾಳೆಪ್ಪನ ಮನೆಯೊಂದೇ ಕತ್ತಲಾದದ್ದನ್ನು ದೂರದಿಂದ ಕಂಡು ಅವನ ಜೀವ ಹಾರಿತ್ತು.

“ನಾ ತಗದಿಲ್ಲೋ ಗಾಳೆಪ್ಪಣ್ಣ. ಸಪ್ನಾನ ಆಣಿ ಮಾಡಿ ಹೇಳ್ತೇನಿ, ಲೈನ್ ಹಂಗೇ ಐತಿ.”

ಗಾಳೆಪ್ಪ ಅವನನ್ನು ಬಾಚಿ ತಬ್ಬಿಕೊಂಡ. ಕರೆಂಟಿನ ಇಲಾಖೆಯ ಮನುಷ್ಯನನ್ನು ಕತ್ತಲಾಯಿತೆಂದು ತಬ್ಬಿಕೊಂಡದ್ದನ್ನು ಆ ಓಣಿ ಹಿಂದೆಂದೂ ನೋಡಿರಲಿಲ್ಲ. ಮಲೀಕಸಾಬನ ಬಾಯಿಗೆ ಹೋಳಿಗೆ ಬಿತ್ತು. ಯಾಕೆಂದು ಅವನು ಆಮೇಲೆ ಕೇಳಿಕೊಂಡ.

ಬಾಳವ್ವ ಸೀರೆಯನ್ನು ಬಿಚ್ಚಿ, ಎರಡು ಕೈಯಿಂದ ಹರವಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ ಸಮೇತ ಸಪ್ನಾಳ ಉಡಿ ತುಂಬಿದಳು. ಆಮೇಲೆ ಶಾರವ್ವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

“ನನ್ನ ಕಣ್ಣು ನನಗ ತಿರುಗಿ ಕೊಟ್ಟಿ ತಂಗಿ,” ಎಂದಳು. “ಇಲ್ಲಾಂದ್ರ ನಾಳಿಂದ ಮಗ್ಗ ಮುಟ್ಟತಿದ್ದಿಲ್ಲ ನಾ.”

ಅವಳು ಈಗ ಅತ್ತಳು. ಶಾರವ್ವನೂ ಅತ್ತಳು. ಗಾಳೆಪ್ಪ ಎದ್ದು ಹೋಗಿ ಬಾಳವ್ವನ ಕಾಲು ಮುಟ್ಟಿ, ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದವನು ಎದ್ದೇಳುವಾಗ ಪ್ರಮಾಣಪತ್ರಕ್ಕೆ ತಲೆ ಬಡಿದು ಅದನ್ನು ಕೆಳಗೆ ಕೆಡವಿದ. ದೀಪಕ ಅದನ್ನು ಎತ್ತಿ ಧೂಳು ಒರೆಸಿ ಮತ್ತೆ ತೂಗುಹಾಕಿದ, ಈ ಸಲ ದೇವರ ಫೋಟೋಕ್ಕಿಂತ ಒಂದು ಗೇಣು ಕೆಳಗೆ.

ಮದುವೆ ಮಾಘದಲ್ಲಿ. ಇಷ್ಟಾದ ಮೇಲೆ ಗಾಳೆಪ್ಪ ಎಲ್‌ಇಡಿಯ ಸಹವಾಸ ಬಿಟ್ಟ ಎಂದು ಓಣಿಯವರು ತಿಳಿದರು. ಬಿಡುವ ಜಾತಿಯಲ್ಲ ಅವನು, ಮೀಟರಿನ ಚಕ್ರ ನಿಂತದ್ದು ಸುಳ್ಳೇನಲ್ಲವಲ್ಲ. ಬಾಳವ್ವನ ಕುಂಕುಮದ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಬಾಗಲಕೋಟೆಯ ಅದೇ ಅಂಗಡಿಗೆ ಹೋದ. ಸರಗಳನ್ನು ಒಂದೊಂದಾಗಿ ಹಚ್ಚಿಸಿ, ಅಂಗಡಿಯ ಬಾಗಿಲು ಹಾಕಿಸಿ, ಸೀರೆಯ ಮೇಲೆ ಹಿಡಿದು ನೋಡಿದ. ಹಸಿರು ಸರ ಸೀರೆಯನ್ನು ಕಪ್ಪು ಮಾಡಿತು, ಬಿಳಿಯದು ಮಂಕು ಮಾಡಿತು. ಏಳನೆಯ ಪೆಟ್ಟಿಗೆಯಲ್ಲಿ ತುಪ್ಪದ ಬಣ್ಣದ ಒಂದು ಸರ ಹೊರಬಂತು. ಅದರ ಕೆಳಗೆ ಸೀರೆ ಹಣತೆಯ ಮುಂದೆ ಕಂಡಂತೆಯೇ ಕಂಡಿತು. ಏನು ಹುಡುಕುತ್ತಿದ್ದೀರಿ ಎಂದು ಬೆವರೊರೆಸಿಕೊಂಡು ಕೇಳಿದ ಅಂಗಡಿಯವನಿಗೆ, “ಕೆಂಪನ್ನ ಕೆಂಪು ಅನ್ನೋ ಲೈಟ್ ಬೇಕ್ರಿ,” ಎಂದು ಗಾಳೆಪ್ಪ ಹೇಳಿದ.

ಮದುವೆಯ ಚಪ್ಪರ ಆ ತುಪ್ಪದ ಬೆಳಕಿನಲ್ಲಿ ಮಿನುಗಿತು. ಕೆಳಗೆ ಶಾರವ್ವನ ಹಣತೆಗಳೂ ಸಾಲಾಗಿ ಕೂತಿದ್ದವು. ಉಳಿದ ಒಂದು ಸರವನ್ನು ಗಾಳೆಪ್ಪ ತಾನೇ ಕಮತಗಿಗೆ ಒಯ್ದು ಬಾಳವ್ವನ ಮಗ್ಗದ ಮೇಲೆ ಕಟ್ಟಿ ಬಂದ. ಆ ಬೆಳಕಿನಲ್ಲಿ ಮುದುಕಿ ಮತ್ತೊಂದು ಸೀರೆ ನೇಯ್ದಳು. ಮರುವರ್ಷದ ಪಾಡ್ಯದ ಸಂಜೆ ದೀಪಕ ಮತ್ತು ಸಪ್ನಾರ ಜೊತೆ ಬಂದು ಅದನ್ನು ಶಾರವ್ವನ ಮಡಿಲಿಗೆ ಹಾಕಿದಳು. ಓಣಿಯೆಲ್ಲ ಬಾಗಿಲಲ್ಲಿ ನೆರೆದಿತ್ತು.

“ಏನು ಬಣ್ಣ ಹೇಳಪಾ ಬೀಗಾ,” ಎಂದು ಬಾಳವ್ವ ಕೇಳಿದಳು.

ಗಾಳೆಪ್ಪ ಕಣ್ಣು ಕಿರಿದು ಮಾಡಿದ. ಸೀರೆಯನ್ನು ನೋಡಿದ, ತೊಲೆಯ ಮೇಲಿನ ತುಪ್ಪದ ಬಣ್ಣದ ಸರವನ್ನು ನೋಡಿದ, ಕೈಕಟ್ಟಿ ಕಾಯುತ್ತಿದ್ದ ಹುಚ್ಚೇಶನನ್ನು ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಎರಡೂ ಕೈ ಜೋಡಿಸಿದ.

“ನೀವು ಏನಂತೀರಿ ಅದರಿ ಯವ್ವಾ,” ಎಂದ. “ನಾ ಮುಂಜಾನಿ ಬಿಸಲಿಗೆ ಹಿಡದು ನೋಡಿ ಹೇಳ್ತೇನಿ.”